ಕ್ಯಾಮೆರಾ ಸರಿಪಡಿಸಿದ ಕೈ
ಬಂಧುವೊಬ್ಬರ ಅಂತ್ಯಕ್ರಿಯೆಯಲ್ಲಿ ಇಂದು ನನ್ನ ಗಮನವೆಲ್ಲ ಅದರ ವ್ಯವಸ್ಥೆ ವಹಿಸಿಕೊಂಡಿದ್ದ ಹಿರಿಯರ ಮೇಲೆಯೇ ಇತ್ತು. ಹೂಮಾಲೆಯನ್ನು ಸರಿಪಡಿಸಿದ ಅದೇ ಕೈಯಿಂದ ಅವರು ಮೊಬೈಲ್ ಸ್ಟ್ಯಾಂಡನ್ನು ತುಸು ಬಾಗಿಸಿ, ದೂರದೇಶದಲ್ಲಿರುವ ಮಗಳಿಗೆ ತಂದೆಯ ಮುಖ ಕಾಣುತ್ತಿದೆಯೇ ಎಂದು ಮೆಲುದನಿಯಲ್ಲಿ ವಿಚಾರಿಸಿದರು. 2020ರ ಕೋವಿಡ್ ನಿರ್ಬಂಧಗಳು ಅನಿವಾರ್ಯವಾಗಿಸಿದ ಈ ನೇರಪ್ರಸಾರ ಈಗ ಅವರ ವೃತ್ತಿಯ ಭಾಗವೇ ಆಗಿಬಿಟ್ಟಿದೆ. ದಕ್ಷಿಣ ಆಫ್ರಿಕಾದ ಧರ್ಮಗುರು ಡೆಸ್ಮಂಡ್ ಟುಟು ಅವರಿಗೆ ಮಾಡಿದಂತೆ ದೇಹವನ್ನು ಬೆಂಕಿಯಿಲ್ಲದೆ, ಕ್ಷಾರ ಬೆರೆಸಿದ ಬಿಸಿನೀರಿನಲ್ಲಿ ಕರಗಿಸುವ ವಿಧಾನವನ್ನೂ, ಅಮೆರಿಕದ ವಾಷಿಂಗ್ಟನ್ ರಾಜ್ಯವು 2019ರಲ್ಲಿ ಕಾನೂನುಬದ್ಧಗೊಳಿಸಿದ, ದೇಹವನ್ನು ಮಣ್ಣಾಗಿಸುವ ಕ್ರಮವನ್ನೂ ಕೇಳಿಕೊಂಡು ಬರುವ ಕುಟುಂಬಗಳಿಗೆ ತಾಳ್ಮೆಯಿಂದ ವಿವರಿಸಬೇಕಾದವರು ಈ ವೃತ್ತಿಯವರೇ. ಹೊಸ ಯಂತ್ರ ಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಅಣ್ಣನಿಗೊಂದು ಕ್ರಮ, ತಂಗಿಗೊಂದು ಕ್ರಮ ಬೇಕಾದಾಗ ನಡುವೆ ನಿಲ್ಲುವುದೇ (ಅದಕ್ಕೆ ತರಬೇತಿ ಎಲ್ಲಿ ಸಿಗುತ್ತದೋ!) ಕಷ್ಟವಿರಬೇಕು. ಎಲ್ಲ ಮುಗಿದ ಮೇಲೂ, ಮಗಳು ತಾನಾಗಿ ಕರೆ ಕಡಿಯುವವರೆಗೆ ಅವರು ಫೋನನ್ನು ಮುಟ್ಟಲಿಲ್ಲ.