ರೆಕಾರ್ಡಿಂಗ್ ಇದ್ದರೆ ಸಾಲದು, ಬೇಕಾದಾಗ ಸಿಗಬೇಕು: ಶಾಲೆಯ ಫೋನ್, ಮೇಲ್, ಕ್ಯಾಮೆರಾ

2025ರ ಜುಲೈನಲ್ಲಿ ಸಿಬಿಎಸ್‌ಇ ತನ್ನ ಮಾನ್ಯತೆ ನಿಯಮಗಳಿಗೆ ತಿದ್ದುಪಡಿ ತಂದಿತು. ಶೌಚಾಲಯ ಬಿಟ್ಟು ಗೇಟು, ಕಾರಿಡಾರು, ಮೆಟ್ಟಿಲು, ತರಗತಿಗಳಲ್ಲೆಲ್ಲ ದೃಶ್ಯದ ಜೊತೆ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾ ಇರಬೇಕು, ಕನಿಷ್ಠ 15 ದಿನದ ರೆಕಾರ್ಡಿಂಗ್ ಉಳಿದಿರಬೇಕು ಎಂಬುದು ಅದರ ಸಾರ. ಹಾಗಾಗಿ ಈಗ ಎಲ್ಲರ ಗಮನ ಕ್ಯಾಮೆರಾ ಮತ್ತು ಡಿಸ್ಕಿನ ಕೊಟೇಶನ್ ಮೇಲಿದೆ. ಆದರೆ ಏನಾದರೂ ನಡೆದ ದಿನ ಪೊಲೀಸರು ಮೊದಲು ಕೇಳುವುದು "ಎಷ್ಟು ಗಂಟೆಗೆ?" ಎಂದು. ಸಮಯ ಗೊತ್ತಿಲ್ಲದಿದ್ದರೆ 32 ಕ್ಯಾಮೆರಾಗಳ ಇಡೀ ದಿನದ ದೃಶ್ಯವನ್ನು ಕೂತು ನೋಡಬೇಕಾಗುತ್ತದೆ. ಆ ಸಮಯವನ್ನು ಹೇಳುವುದು ಬಂದ ಕರೆ, ಸಂದೇಶಗಳನ್ನು ಬರೆದಿಡುವ ರಿಸೆಪ್ಷನ್ ಮೇಜಿನ ಮೇಲಿನ ಪುಸ್ತಕ, ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

ಹೊಲಿಗೆ ಹಾಕಿದ, ಪುಟಸಂಖ್ಯೆ ಅಚ್ಚಾಗಿರುವ ಲಾಂಗ್ ಬುಕ್ ತನ್ನಿ. ಬಿಡಿ ಹಾಳೆ, ಸ್ಪೈರಲ್ ಪುಸ್ತಕ ಬೇಡ, ಹಾಳೆ ಹರಿದರೆ ಗೊತ್ತಾಗುವುದಿಲ್ಲ. ಏಳು ಕಾಲಂ ಸಾಕು: ಕ್ರಮಸಂಖ್ಯೆ, ಸಮಯ (24 ಗಂಟೆ ಲೆಕ್ಕದಲ್ಲಿ), ಯಾವ ಮಾರ್ಗ (ಲ್ಯಾಂಡ್‌ಲೈನ್, ಮೊಬೈಲ್, ವಾಟ್ಸಾಪ್, ಮೇಲ್, ಗೇಟ್), ಯಾರು ಮತ್ತು ಯಾವ ನಂಬರ್, ಹೇಳಿದ್ದೇನು, ಯಾರಿಗೆ ತಿಳಿಸಲಾಯಿತು, ಷರಾ. ತಪ್ಪಾದರೆ ಒಂದೇ ಗೀಟು ಎಳೆದು ಪಕ್ಕದಲ್ಲಿ ಸಹಿ. ವೈಟ್ನರ್ ಮೇಜಿನ ಮೇಲೆ ಇರಲೇಬಾರದು. ಬಂದ ಎಲ್ಲ ಕರೆಯನ್ನೂ ಬರೆಯಲು ಹೋದರೆ ಎರಡನೇ ವಾರಕ್ಕೆ ಪುಸ್ತಕ ಮೂಲೆ ಸೇರುತ್ತದೆ. ಫೀಸು, ಸಮವಸ್ತ್ರ, ಅಡ್ಮಿಷನ್ ವಿಚಾರಣೆ ಇಲ್ಲಿಗೆ ಬರುವುದು ಬೇಡ. ಮಗು ಹೊರಗೆ ಹೋಗುವುದು, ವ್ಯಾನ್ ತಡ ಅಥವಾ ಅಪಘಾತ, ಆರೋಗ್ಯ, ಬೆದರಿಕೆ, ಅಪರಿಚಿತರು, ಮಕ್ಕಳಿಗೆ ಸಂಬಂಧಿಸಿದ ದೂರು, ಇಷ್ಟನ್ನು ಬಿಡದೆ ಬರೆಯಬೇಕು.

"ಹೇಳಿದ್ದೇನು" ಕಾಲಂನಲ್ಲೇ ಹೆಚ್ಚಿನವರು ಎಡವುವುದು. "ಪೋಷಕರು ಕರೆ ಮಾಡಿದ್ದರು, ಮಗುವನ್ನು ಕಳಿಸಲಾಯಿತು" ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗಿರಲಿ:

"11:42. ಲ್ಯಾಂಡ್‌ಲೈನ್, ಗಂಡಸಿನ ದನಿ. 'ನಾನು 4ನೇ ಬಿ ಹುಡುಗಿಯ ಚಿಕ್ಕಪ್ಪ, ಅವರಮ್ಮಂಗೆ ಹುಷಾರಿಲ್ಲ, ಗೇಟಿಗೆ ಕಳಿಸಿ' ಎಂದರು. ಹೆಸರು ಹೇಳಲಿಲ್ಲ. 11:45ಕ್ಕೆ ದಾಖಲಾತಿ ರಿಜಿಸ್ಟರಿನಲ್ಲಿರುವ ತಾಯಿಯ ನಂಬರಿಗೆ ಕರೆ, ಎತ್ತಲಿಲ್ಲ. 11:47ಕ್ಕೆ ತಂದೆಗೆ ಕರೆ, ತಾವು ಯಾರನ್ನೂ ಕಳಿಸಿಲ್ಲ ಎಂದರು. 11:48ಕ್ಕೆ ವಾಚ್‌ಮನ್ ಮತ್ತು ಮುಖ್ಯಶಿಕ್ಷಕರಿಗೆ ತಿಳಿಸಿದೆ. ಮಗು ತರಗತಿಯಲ್ಲೇ ಇದೆ."

ವಾಪಸ್ ಕರೆ ಮಾಡುವಾಗ ಫೋನಿನಲ್ಲಿ ತೋರಿಸಿದ ನಂಬರಿಗೆ ಮಾಡಬಾರದು, ರಿಜಿಸ್ಟರಿನಲ್ಲಿರುವ ನಂಬರಿಗೇ ಮಾಡಬೇಕು. ಕರೆ ಮಾಡಿದವರೇ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವವರೂ ಅವರ ಕಡೆಯವರೇ ಇರಬಹುದು.

ಇನ್ನು ಯಂತ್ರಗಳು. ಲ್ಯಾಂಡ್‌ಲೈನಿಗೆ ಸಮಾನಾಂತರವಾಗಿ ಜೋಡಿಸುವ ಸಣ್ಣ ರೆಕಾರ್ಡರ್ ಸಿಗುತ್ತದೆ, ಮೆಮೊರಿ ಕಾರ್ಡಿಗೆ ಬರೆಯುತ್ತದೆ. ರಿಸೀವರ್ ಎತ್ತಿದಾಗ ಲೈನಿನ ವೋಲ್ಟೇಜ್ ಸುಮಾರು 48ರಿಂದ 10ರ ಆಸುಪಾಸಿಗೆ ಇಳಿಯುತ್ತದೆ, ಅದನ್ನು ಗುರುತಿಸಿ ಅದು ಶುರುವಾಗುತ್ತದೆ. ತಾಮ್ರದ ತಂತಿಯಿಂದ ಫೈಬರ್‌ಗೆ ಬದಲಾದ ಶಾಲೆಗಳಲ್ಲಿ ಇಲ್ಲೇ ತೊಂದರೆ. ಫೈಬರ್ ಪೆಟ್ಟಿಗೆಯಿಂದ ಬರುವ ವೋಲ್ಟೇಜ್ ಬೇರೆ ಇದ್ದರೆ ರೆಕಾರ್ಡರ್ ಶುರುವೇ ಆಗದು, ಇಲ್ಲವೇ ಹಗಲೂ ರಾತ್ರಿ ಖಾಲಿ ಸದ್ದನ್ನು ತುಂಬುತ್ತಿರುತ್ತದೆ. ಮಲ್ಟಿಮೀಟರ್ ಹಿಡಿದು ರಿಸೀವರ್ ಇಟ್ಟಾಗ, ಎತ್ತಿದಾಗ ಎರಡೂ ಅಳೆದು, ರೆಕಾರ್ಡರನ್ನು ನಡುವಿನ ಅಂಕಿಗೆ ಸೆಟ್ ಮಾಡಿ. ಕರೆಂಟ್ ಹೋದರೆ ಫೈಬರ್ ಪೆಟ್ಟಿಗೆಯ ಜೊತೆ ಫೋನೂ ಸಾಯುತ್ತದೆ, ಅದಕ್ಕೊಂದು ಯುಪಿಎಸ್ ಬೇಕು. ಸಂಕುಚಿಸದ ಧ್ವನಿ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ, ಹಾಗಾಗಿ 32 ಜಿಬಿ ಕಾರ್ಡ್ ಧಾರಾಳವಾಯಿತು.

ಮೊಬೈಲ್ ಕಥೆ ಬೇರೆ. 2022ರ ಮೇ 11ರಿಂದ ಗೂಗಲ್ ತನ್ನ ಪ್ಲೇ ಸ್ಟೋರಿನ ಆ್ಯಪ್‌ಗಳು ಆಕ್ಸೆಸಿಬಿಲಿಟಿ (ಅಂಗವಿಕಲರಿಗೆ ನೆರವಾಗುವ) ಸೌಲಭ್ಯ ಬಳಸಿ ಕರೆ ದಾಖಲಿಸುವುದನ್ನು ತಡೆದಿದೆ. ಆದ್ದರಿಂದ "ಕಾಲ್ ರೆಕಾರ್ಡರ್" ಎಂಬ ಆ್ಯಪ್ ಹಾಕಿ ನೆಮ್ಮದಿಯಾಗಿರಬೇಡಿ. ಎಷ್ಟೋ ಸಲ ನಮ್ಮ ದನಿ ಮಾತ್ರ ಇದ್ದು ಆಚೆಯವರದು ಇರುವುದಿಲ್ಲ. ಫೋನ್ ತಯಾರಕರೇ ಡಯಲರ್‌ನಲ್ಲಿ ಕೊಟ್ಟಿರುವ ರೆಕಾರ್ಡಿಂಗ್ ಇರುವ ಮಾಡೆಲನ್ನೇ ಆಫೀಸಿಗೆ ಕೊಳ್ಳಿ. ವಾಟ್ಸಾಪ್ ಕರೆ ಇದರಲ್ಲಿ ದಾಖಲಾಗುವುದಿಲ್ಲ, ಹಾಗಾಗಿ ವ್ಯಾನ್ ಚಾಲಕರು, ಆಯಾಗಳು ಮಾಮೂಲಿ ಕರೆಯನ್ನೇ ಮಾಡಬೇಕು ಎಂದು ಬರೆದೇ ಕೊಡಿ. ಕರೆ ದಾಖಲಾಗುತ್ತದೆ ಎಂಬ ಸೂಚನೆ ಡೈರಿಯಲ್ಲೂ ದಾಖಲಾತಿ ಅರ್ಜಿಯಲ್ಲೂ ಇರಲಿ. ಕದ್ದು ಮಾಡುವ ರೆಕಾರ್ಡಿಂಗಿನಿಂದ ಪೋಷಕರ ವಿಶ್ವಾಸ ಹೋಗುತ್ತದೆ. ವಾಕಿಟಾಕಿ ಬಳಸುವವರು ಪರವಾನಗಿ ಬೇಡದ 446.0ರಿಂದ 446.2 ಮೆಗಾಹರ್ಟ್ಸ್ ಸೆಟ್‌ಗಳನ್ನೇ ಕೊಳ್ಳಿ. ಆ ಅಗ್ಗದ ಸೆಟ್‌ಗಳು ಏನನ್ನೂ ದಾಖಲಿಸುವುದಿಲ್ಲ, ಮುಖ್ಯವಾದದ್ದನ್ನು ಕೈಯಲ್ಲೇ ಬರೆಯಬೇಕು.

ಬೆದರಿಕೆ ಮೇಲ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆ ಮೇಲ್ ಬಂತು, ಕೊನೆಗೆ ಹುಸಿ ಎಂದಾಯಿತು. ಆದರೆ ಬಂದ ಕ್ಷಣದಲ್ಲಿ ಅದು ಹುಸಿ ಎಂದು ತೀರ್ಮಾನಿಸುವುದು ಶಾಲೆಯ ಕೆಲಸ ಅಲ್ಲವೇ ಅಲ್ಲ. 112ಕ್ಕೆ ಕರೆ ಮಾಡಿ. ಮೇಲನ್ನು ಅಳಿಸಬೇಡಿ, ಸ್ಕ್ರೀನ್‌ಶಾಟನ್ನು ಪೋಷಕರ ಗುಂಪಿಗೆ ಹಾಕಬೇಡಿ. ಫಾರ್ವರ್ಡ್ ಮಾಡಿದರೂ ಸಾಲದು, ಏಕೆಂದರೆ ಫಾರ್ವರ್ಡ್ ಆದ ಪ್ರತಿಯಲ್ಲಿ ಮೂಲ ಮೇಲ್ ಯಾವ ಸರ್ವರ್‌ಗಳ ಮೂಲಕ ಬಂತು ಎಂಬ ತಲೆಬರಹದ ಸಾಲುಗಳು ಹೋಗಿ ನಿಮ್ಮದೇ ವಿಳಾಸ ಕೂತಿರುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಮೇಲಿನ ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಆರಿಸಿ, ಅಲ್ಲಿಂದ "ಡೌನ್‌ಲೋಡ್ ಒರಿಜಿನಲ್" ಮಾಡಿ. ಬರುವ ಇಎಂಎಲ್ ಫೈಲನ್ನು ಹಾಗೆಯೇ ಪೆನ್‌ಡ್ರೈವಿನಲ್ಲಿ ಕೊಡಿ. ಪುಸ್ತಕದಲ್ಲಿ ಮೇಲ್ ಬಂದ ಸಮಯ ಒಂದು, ತೆರೆದು ನೋಡಿದ ಸಮಯ ಇನ್ನೊಂದು, ಎರಡೂ ಇರಲಿ. ಇವೆರಡರ ನಡುವೆ ಮೂರು ಗಂಟೆ ಕಂಡರೆ, ಮೊದಲ ಗಂಟೆ ಬಾರಿಸುವ ಮುಂಚೆ ಇನ್‌ಬಾಕ್ಸ್ ಮತ್ತು ಸ್ಪ್ಯಾಮ್ ಎರಡನ್ನೂ ನೋಡುವ ಹೊಣೆ ಯಾರದು ಎಂದು ಹೆಸರು ಹಿಡಿದು ಗೊತ್ತುಮಾಡಬೇಕು. ಸ್ಪ್ಯಾಮ್‌ನಲ್ಲಿದ್ದದ್ದು 30 ದಿನಕ್ಕೆ ತಾನಾಗಿ ಅಳಿಯುತ್ತದೆ.

ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ "ಮರೆಯಾಗುವ ಸಂದೇಶ" ಆಫ್ ಇದೆಯೇ ನೋಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಸಿಗುವುದು ಯಾರು ಬೇಕಾದರೂ ತಿದ್ದಬಹುದಾದ ಪಠ್ಯದ ಫೈಲು, ಆದ್ದರಿಂದ ಸಂದೇಶ ಬಂದ ಫೋನನ್ನೇ ಜೋಪಾನ ಮಾಡಿ.

ಕ್ಯಾಮೆರಾದ ಲೆಕ್ಕ ಇದು. 2 ಮೆಗಾಪಿಕ್ಸೆಲ್ ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ದಿನಕ್ಕೆ 21.6 ಜಿಬಿ ಬರೆಯುತ್ತದೆ. 32 ಕ್ಯಾಮೆರಾ, 15 ದಿನ ಎಂದರೆ 10.4 ಟಿಬಿ. ಧ್ವನಿ ಸೇರಿದರೆ ಸುಮಾರು ಶೇ 3ರಷ್ಟು ಏರುತ್ತದೆ. ಒಂದೇ 4 ಟಿಬಿ ಡಿಸ್ಕ್ ಹಾಕಿದ್ದರೆ ಆರನೇ ದಿನಕ್ಕೇ ಹಳೆಯದು ಅಳಿಯತೊಡಗುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲ ಸರಿಯಿದ್ದಂತೆ ಕಾಣುತ್ತಿರುತ್ತದೆ. 6 ಟಿಬಿಯ ಎರಡು ಡಿಸ್ಕ್ ಬೇಕು. ಮೈಕ್ ಇದ್ದ ಮಾತ್ರಕ್ಕೆ ಧ್ವನಿ ದಾಖಲಾಗುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ರೆಕಾರ್ಡರ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಪ್ರತಿ ಚಾನಲ್‌ನ ಸೆಟ್ಟಿಂಗಿನಲ್ಲಿ "ವಿಡಿಯೋ" ಇದ್ದದ್ದನ್ನು "ವಿಡಿಯೋ ಮತ್ತು ಆಡಿಯೋ" ಮಾಡಬೇಕು. ಫ್ಯಾನಿನ ಪಕ್ಕದ ಕ್ಯಾಮೆರಾದಲ್ಲಿ ಫ್ಯಾನಿನ ಸದ್ದಷ್ಟೇ ಕೇಳುತ್ತದೆ.

ಇಷ್ಟೆಲ್ಲ ಇದ್ದೂ ಗಡಿಯಾರ ತಪ್ಪಿದ್ದರೆ ಪುಸ್ತಕದ 11:42 ಕ್ಯಾಮೆರಾದಲ್ಲಿ 11:31 ಆಗಿರುತ್ತದೆ. ರೆಕಾರ್ಡರ್, ಆಫೀಸ್ ಕಂಪ್ಯೂಟರುಗಳನ್ನು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯ ಸಮಯ ಸರ್ವರಿಗೆ (samay1.nic.in) ಜೋಡಿಸಿ, ಗೋಡೆ ಗಡಿಯಾರವನ್ನು ಅದಕ್ಕೇ ಹೊಂದಿಸಿ. ಇಂಟರ್ನೆಟ್ ಇಲ್ಲದ ಫೋನ್ ರೆಕಾರ್ಡರ್ ಎಷ್ಟು ನಿಮಿಷ ಹಿಂದಿದೆ ಎಂಬುದನ್ನು ಪ್ರತಿ ಸೋಮವಾರ ಷರಾದಲ್ಲಿ ಬರೆದರೆ ಆಯಿತು.

ಒಂದು ಬಗೆಯ ಮಾತು ಈ ಪುಸ್ತಕಕ್ಕೆ ಬರಬಾರದು: ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡದ್ದು. ಅದನ್ನು ಮಗುವಿನ ಮಾತಿನಲ್ಲೇ ಪ್ರತ್ಯೇಕ ಕಡತದಲ್ಲಿ ಬರೆದು ಬೀಗ ಹಾಕಿ, ಪುಸ್ತಕದಲ್ಲಿ ಕಡತದ ಸಂಖ್ಯೆಯನ್ನಷ್ಟೇ ನಮೂದಿಸಿ. ಮಗುವನ್ನು ಮತ್ತೆ ಮತ್ತೆ ಕೇಳುವುದು, ಮೊಬೈಲಿನಲ್ಲಿ ವಿಡಿಯೋ ಮಾಡುವುದು ಬೇಡ, ಹೇಳಿಕೆ ಪಡೆಯುವುದು ಪೊಲೀಸರ ಮತ್ತು ಮ್ಯಾಜಿಸ್ಟ್ರೇಟರ ಕೆಲಸ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಆಡಳಿತ ಮಂಡಳಿಯ ಒಪ್ಪಿಗೆಗೆ ಕಾಯುವಂತಿಲ್ಲ. ತನ್ನ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098.

ಪೊಲೀಸರು ರೆಕಾರ್ಡಿಂಗ್ ಕೇಳಿದರೆ ಪ್ರತಿ ತೆಗೆದ ಕೂಡಲೇ ಅದರ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಬದಲಾದರೆ ಇದೂ ಬದಲಾಗುತ್ತದೆ) ಬರೆದಿಡಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ (certutil) ಎಂಬ ಸಾಧನ ಅದನ್ನು ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಮೌಲ್ಯವನ್ನು ತುಂಬಬೇಕು.

ತಿಂಗಳಿಗೊಮ್ಮೆ ಮುಖ್ಯಶಿಕ್ಷಕರು ಪುಸ್ತಕದ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಅದರ ಧ್ವನಿ ಮತ್ತು ಗೇಟಿನ ದೃಶ್ಯ ತೋರಿಸಿ ಎನ್ನಲಿ. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಗಡಿಯಾರ, ತುಂಬಿದ ಕಾರ್ಡು, ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟಿರುವುದು, ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.