ನೀಲಿ ಕಟ್ಟಡದಲ್ಲಿ ಒಂದು ಮಧ್ಯಾಹ್ನ

ಡಿಸೆಂಬರ್ 14, 2024, ಶನಿವಾರ
ಮಿನಿಯಾಪೊಲಿಸ್

ಇವತ್ತು ಗಥ್ರೀ ಥಿಯೇಟರ್‌ಗೆ ಹೋಗಿ ಬಂದೆ. ಸುಮಾರು ಮೂವತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಜಾಗ. ಮಗಳ ಮನೆಯವರೆಲ್ಲ ಮಲಗಿದ್ದಾರೆ. ಬರೆದಿಡದೆ ನನಗೆ ನಿದ್ದೆ ಬರುವುದಿಲ್ಲ.

ಎಲ್ಲಾ ಶುರುವಾಗಿದ್ದು ಗಿರೀಶ ಕಾರ್ನಾಡರ ನಾಗಮಂಡಲ ನಾಟಕದಿಂದ. ತೊಂಬತ್ತರ ದಶಕದಲ್ಲಿ ಮೈಸೂರಿನ ನಮ್ಮ ಹವ್ಯಾಸಿ ತಂಡ ಅದನ್ನು ಆಡಿತ್ತು. ರಾತ್ರಿ ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ, ಆ ದೀಪದ ಕುಡಿಗಳೆಲ್ಲ ಪಾಳು ಗುಡಿಯಲ್ಲಿ ಸೇರಿ ಮನೆ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ ಅಲ್ವಾ, ಆ ಗುಂಪಿನಲ್ಲಿ ನಾನೂ ಒಬ್ಬಳು. ಇದ್ದದ್ದು ನಾಲ್ಕೇ ಮಾತು. ರಿಹರ್ಸಲ್ ನಡುವೆ ಒಂದು ದಿನ ನಮ್ಮ ನಿರ್ದೇಶಕರು ಹೇಳಿದರು: ಇದೇ ನಾಟಕವನ್ನು 1993ರಲ್ಲಿ ಅಮೆರಿಕದ ಗಥ್ರೀಯವರು ಇಂಗ್ಲಿಷಿನಲ್ಲಿ ಆಡಿದ್ದಾರೆ, ಅವರ ರಂಗಮಂದಿರಕ್ಕೆ ಮೂವತ್ತು ತುಂಬಿದ ವರ್ಷ. ಇಂಗ್ಲಿಷಿಗೆ ತಂದವರೂ ಕಾರ್ನಾಡರೇ. ಆಮೇಲೆ ಅಲ್ಲಿಯವರು ಕೇಳಿಕೊಂಡಿದ್ದಕ್ಕೇ ಅವರು ‘ಅಗ್ನಿ ಮತ್ತು ಮಳೆ’ ಬರೆದರು ಅಂತಲೂ ತಿಳಿಯಿತು. ನಾಗಮಂಡಲದ ಬೇರು ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಎರಡು ಜನಪದ ಕತೆಗಳಲ್ಲಿದೆ. ರಾಮಾನುಜನ್ ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ನಮ್ಮ ಅಜ್ಜಿಯರು ಊಟ ಹಾಕುತ್ತಾ ಹೇಳುತ್ತಿದ್ದಂಥ ಕತೆ ಇಷ್ಟು ದೂರ ಬಂದಿದೆ ಅನ್ನೋದು ಆಗಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮಗಳಿಗೆ ಈ ಊರಿನಲ್ಲಿ ಕೆಲಸ ಸಿಕ್ಕಿದಾಗ ನಾನು ಮೊದಲು ಕೇಳಿದ ಪ್ರಶ್ನೆಯೇ ಅದು. “ಅಲ್ಲಿ ಗಥ್ರೀ ಇದೆಯಲ್ಲ ಕಣೇ?”

ಬೆಳಿಗ್ಗೆ ಅವಳು ನನ್ನನ್ನೂ ಮೊಮ್ಮಗಳನ್ನೂ ಬಾಗಿಲಲ್ಲಿ ಇಳಿಸಿ ಹೋದಳು. ಮೊಮ್ಮಗಳಿಗೆ ಒಂಬತ್ತು ವರ್ಷ. ಆಟ ಇದ್ದದ್ದು ಮಧ್ಯಾಹ್ನ. ನಾನೇ ಹಟ ಮಾಡಿ ಬೇಗ ಹೊರಡಿಸಿದ್ದೆ. ನಾಟಕದಷ್ಟೇ ಕಟ್ಟಡವನ್ನೂ ನೋಡಬೇಕಿತ್ತು.

ಕಡು ನೀಲಿ ಕಟ್ಟಡ. ಹೊರಗೋಡೆಯ ಮೇಲೆ ಹಳೆಯ ನಾಟಕಗಳ ಚಿತ್ರಗಳು ಅದೇ ನೀಲಿಯಲ್ಲಿ ಮೂಡಿವೆ. ದೂರದಿಂದ ಸುಮ್ನೆ ಗೋಡೆಯ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ಒಂದು ಮುಖ, ಒಂದು ಕೈ. ವಿನ್ಯಾಸ ಮಾಡಿದ್ದು ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್ ನೂವೆಲ್, ತೆರೆದದ್ದು 2006ರಲ್ಲಿ. ಪಕ್ಕದಲ್ಲೇ ಮಿಸಿಸಿಪ್ಪಿ ನದಿ. ಒಂದು ಕಾಲದಲ್ಲಿ ಈ ದಡದ ತುಂಬಾ ಗೋಧಿ ಹಿಟ್ಟಿನ ಗಿರಣಿಗಳು, ಸೇಂಟ್ ಆಂಥನಿ ಜಲಪಾತದ ನೀರಿನಿಂದ ಓಡುತ್ತಿದ್ದವು. ಸುಟ್ಟು ನಿಂತ ಒಂದು ಗಿರಣಿಯ ಗೋಡೆಗಳನ್ನು ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ.

ಒಳಗೆ ಬರಲು ಟಿಕೆಟ್ ಬೇಕಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಯಾರು ಬೇಕಾದರೂ ಬಂದು ಕೂರಬಹುದು, ಮೇಲೆ ಹೋಗಿ ನದಿ ನೋಡಬಹುದು. ಉದ್ದದ ಎಸ್ಕಲೇಟರ್ ಹತ್ತಿದರೆ ಕಟ್ಟಡದಿಂದ ನದಿಯ ಕಡೆಗೆ ಚಾಚಿಕೊಂಡ ಸೇತುವೆ ಸಿಗುತ್ತದೆ. ಆಚೆ ದಡ ಮುಟ್ಟದ ಸೇತುವೆ, 178 ಅಡಿ ಹೋಗಿ ಗಾಳಿಯಲ್ಲೇ ನಿಲ್ಲುತ್ತದೆ. ಕೆಳಗೆ ಒಂದು ಕಂಬವೂ ಇಲ್ಲ. ಮೊಮ್ಮಗಳು ಮೊದಲು ಹೆದರಿ ನನ್ನ ಕೈ ಹಿಡಿದಳು, ಆಮೇಲೆ ಬಿಡಿಸಿಕೊಂಡು ಓಡಿದಳು. ಗಾಜಿನಾಚೆ ಜಲಪಾತ, ಕಲ್ಲಿನ ಕಮಾನು ಸೇತುವೆ, ಚಳಿಗೆ ಬಿಳಿಚಿಕೊಂಡ ನೀರು.

ಇಲ್ಲಿ ಮೂರು ರಂಗಗಳಿವೆ. ದೊಡ್ಡದು ಥ್ರಸ್ಟ್ ಸ್ಟೇಜ್, ಅಂದರೆ ಜನರ ನಡುವೆ ಮುಂದಕ್ಕೆ ಚಾಚಿದ ರಂಗ, ಸುತ್ತ ಮೂರು ಕಡೆ ಪ್ರೇಕ್ಷಕರು. 1,100 ಜನ ಕೂರಬಹುದು. ಎರಡನೆಯದು ಪ್ರೊಸೀನಿಯಂ. ನಮ್ಮ ಕಲಾಮಂದಿರದ ಹಾಗೆ ಎದುರಿಗೆ ಚೌಕಟ್ಟು ಇಟ್ಟು ಅದರೊಳಗೆ ಆಡುವುದು, 700 ಸೀಟು. ಮೂರನೆಯದು ಒಂಬತ್ತನೇ ಮಹಡಿಯ ಪುಟ್ಟ ಸ್ಟುಡಿಯೋ. ಅಲ್ಲಿ ಕುರ್ಚಿಗಳನ್ನು ನಾಟಕಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳುತ್ತಾರೆ.

ಸ್ಟುಡಿಯೋ ಬಾಗಿಲು ಹಾಕಿತ್ತು. ಅದರ ಮುಂದಿನ ಹಜಾರಕ್ಕೆ ಮಾತ್ರ ಹೋದೆವು. ಅಲ್ಲಿ ಗಾಜೆಲ್ಲ ಹಳದಿ. ಮೋಡ ಮುಸುಕಿದ ಡಿಸೆಂಬರ್ ದಿನವೂ ಆ ಗಾಜಿನಲ್ಲಿ ಸಂಜೆ ಬಿಸಿಲಿನ ಹಾಗೆ ಕಾಣುತ್ತಿತ್ತು. ನದಿ, ಗಿರಣಿ, ಕಾರುಗಳು, ಎಲ್ಲಾ ಅರಿಶಿನ ಹಚ್ಚಿಕೊಂಡು ನಿಂತ ಹಾಗೆ. “ಅಜ್ಜಿ, ಇಲ್ಲಿ ಚಳಿ ಇಲ್ಲ” ಅಂದಳು ಹುಡುಗಿ. ನನಗೂ ಹಾಗೇ ಅನ್ನಿಸಿತು.

ಅಲ್ಲಿ ಕೂತಾಗ ಮೈಸೂರಿನ ರಂಗಾಯಣ ನೆನಪಾಯಿತು. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ನಾವು ಮಾಡುತ್ತಿದ್ದದ್ದೂ ಇದೇ ತಾನೇ. ಭೂಮಿಗೀತದಲ್ಲಿ ಒಂದು ನಾಟಕ ಮುಗಿಸಿ ವನರಂಗಕ್ಕೆ ಓಡುವುದು, ಕಿರುರಂಗಮಂದಿರದಲ್ಲಿ ಜಾಗ ಹಿಡಿಯಲು ಗೆಳತಿಯನ್ನು ಮೊದಲೇ ಕಳಿಸುವುದು, ನಡುವೆ ಒಂದು ಲೋಟ ಟೀ, ಕೈಯಲ್ಲಿ ಸ್ವೆಟರ್. ಭೂಮಿಗೀತದಲ್ಲಿ ಪಿಸುಮಾತೂ ಕೇಳುತ್ತದೆ. ವನರಂಗದಲ್ಲಿ ಮರ, ಗಾಳಿ, ರಸ್ತೆಯ ಹಾರನ್ ಎಲ್ಲಾ ಸೇರಿಯೇ ನಾಟಕ. ಅದೇ ನಟ ಎರಡೂ ಕಡೆ ಒಂದೇ ಥರ ಆಡಲು ಆಗುವುದಿಲ್ಲ. ನಾಟಕದ ಮೇಲೆ ಪ್ರೀತಿ ಇರುವ ಊರಿಗೆ ಒಂದೇ ರಂಗಮಂದಿರ ಸಾಲದು ಅಂತ ನಾನು ಬಹಳ ದಿನದಿಂದ ನಂಬಿದ್ದೇನೆ. ಚಿಕ್ಕ ಮಾತಿಗೆ ಚಿಕ್ಕ ಜಾಗ ಬೇಕು.

ಕೆಳಗೆ ಬಂದು ದೊಡ್ಡ ರಂಗದ ಬಾಗಿಲ ಬಳಿ ನಿಂತೆವು. ಟಿಕೆಟ್ ನೋಡಿ ಸೀಟು ತೋರಿಸುವ ಒಬ್ಬ ವಯಸ್ಸಾದ ಹೆಂಗಸು ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಧೈರ್ಯ ಮಾಡಿ ಕೇಳಿದೆ, “1993ರಲ್ಲಿ ನಾಗಮಂಡಲ ಆಡಿದ್ದು ಇದೇ ರಂಗದ ಮೇಲಾ?”

ಅಲ್ಲವಂತೆ. ಅದು ಹಳೆಯ ಕಟ್ಟಡದಲ್ಲಿ, ಊರಿನ ಇನ್ನೊಂದು ಕಡೆ, ವಾಕರ್ ಕಲಾ ಸಂಗ್ರಹಾಲಯದ ಪಕ್ಕ. 2006ರಲ್ಲಿ ಇಲ್ಲಿಗೆ ಬಂದ ಮೇಲೆ ಅದನ್ನು ಕೆಡವಿದರು. ಈಗ ಅಲ್ಲಿ ಹುಲ್ಲುಹಾಸು.

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಜಾಗ ಈ ನೆಲದ ಮೇಲೆ ಇಲ್ಲವೇ ಇಲ್ಲ. ಗಂಟಲು ಬಿಗಿಯಿತು. ಅವರಿಗೆ ಗೊತ್ತಾಯಿತು ಅಂತ ಕಾಣುತ್ತದೆ. “ರಂಗದ ಆಕಾರ ಮಾತ್ರ ಹಳೆಯದೇ” ಅಂದರು. ಟೈರೋನ್ ಗಥ್ರೀ ಅನ್ನುವ ನಿರ್ದೇಶಕರು ಬ್ರಾಡ್‌ವೇಯಿಂದ ದೂರ, ವ್ಯಾಪಾರದ ಒತ್ತಡ ಇಲ್ಲದ ಊರಿನಲ್ಲಿ ಒಂದು ಕಾಯಂ ತಂಡ ಕಟ್ಟಬೇಕು ಅಂತ 1959ರಲ್ಲಿ ಪತ್ರಿಕೆಯ ಮೂಲಕ ಊರುಗಳನ್ನೇ ಕೇಳಿದ್ದರಂತೆ, ಯಾರಿಗೆ ಬೇಕು ಅಂತ. ಮಿನಿಯಾಪೊಲಿಸ್ ಬೇಕು ಅಂದಿತು. 1963ರಲ್ಲಿ ಹ್ಯಾಮ್ಲೆಟ್ ನಾಟಕದಿಂದ ಶುರು. ಟಾನ್ಯಾ ಮೊಯ್ಸೆವಿಚ್ ಅನ್ನುವ ವಿನ್ಯಾಸಗಾರ್ತಿಯ ಜೊತೆ ಸೇರಿ ಆಗ ಅವರು ರೂಪಿಸಿದ್ದ ರಂಗವನ್ನೇ ಅನುಸರಿಸಿ ಇಲ್ಲಿಯೂ ಕಟ್ಟಿದ್ದಾರೆ. 1963 ಅಂದರೆ ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆದ ವರ್ಷ. ಅವರಿಗೆ ಅದನ್ನು ಹೇಳಿದೆ. “ಹಾಗಾದರೆ ಅಕ್ಕ ತಂಗಿ” ಅಂದರು.

ಅವರು ನಾಗಮಂಡಲ ನೋಡಿರಲಿಲ್ಲ. ಆ ಬೇಸಿಗೆ ಮನೆಯಲ್ಲಿ ತಾಯಿಗೆ ಹುಷಾರಿರಲಿಲ್ಲವಂತೆ. “ಕತೆ ಏನು?” ಅಂತ ಕೇಳಿದರು.

ಶುರು ಮಾಡಿದೆ. ತನ್ನ ನಾಟಕಗಳಿಂದ ಜನರಿಗೆ ನಿದ್ದೆ ಬರಿಸಿದ ಒಬ್ಬ ನಾಟಕಕಾರ. ಆ ತಿಂಗಳಲ್ಲಿ ಒಂದು ಇಡೀ ರಾತ್ರಿ ಎಚ್ಚರ ಇರಬೇಕು, ಇಲ್ಲದಿದ್ದರೆ ಸಾವು. ಇವತ್ತು ತಿಂಗಳ ಕೊನೆಯ ರಾತ್ರಿ. ಅವನು ಪಾಳು ಗುಡಿಯಲ್ಲಿ ಕೂತಿದ್ದಾಗ ದೀಪದ ಕುಡಿಗಳು ಒಂದೊಂದೇ ಬರುತ್ತವೆ. ಒಂದು ಕುಡಿ ಹೇಳುತ್ತದೆ: ನಮ್ಮ ಮನೆಯ ಮುದುಕಿಗೆ ಒಂದು ಕತೆ ಗೊತ್ತು, ಒಂದು ಹಾಡು ಗೊತ್ತು, ಯಾರಿಗೂ ಹೇಳುವುದಿಲ್ಲ...

ಅಷ್ಟರಲ್ಲಿ ಬಾಗಿಲು ತೆರೆಯುವ ಹೊತ್ತಾಯಿತು. ಅವರು ನನ್ನ ಮೊಣಕೈ ಹಿಡಿದು, “ಮುಗಿದ ಮೇಲೆ ಉಳಿದದ್ದು ಹೇಳಬೇಕು” ಅಂದರು.

ನಾಟಕ ‘ಎ ಕ್ರಿಸ್‌ಮಸ್ ಕ್ಯಾರಲ್’, ಚಾರ್ಲ್ಸ್ ಡಿಕನ್ಸ್ ಬರೆದ ಕತೆ. 1975ರಿಂದ ಚಳಿಗಾಲದಲ್ಲಿ ಆಡುತ್ತಾ ಬಂದಿದ್ದಾರೆ. ಈಗಿನ ರೂಪಾಂತರ ಲವೀನಾ ಜಧ್ವಾನಿ ಅವರದು. ಚಿಕ್ಕಂದಿನಲ್ಲಿ ನೋಡಿದವರು ಈಗ ಮಕ್ಕಳನ್ನು ಕರೆತರುತ್ತಾರೆ. ನಮ್ಮ ಹಿಂದಿನ ಸಾಲಿನಲ್ಲಿ ಮೂರು ತಲೆಮಾರು ಕೂತಿತ್ತು. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದೂ ಬಂದಿದ್ದಾರೆ. ದಸರೆಯಲ್ಲಿ ಅದೇ ಬೊಂಬೆಗಳನ್ನು ಮತ್ತೆ ಇಳಿಸಿ ಕೂರಿಸುವುದಿಲ್ಲವಾ, ಹಾಗೆ.

ನಟರು ಸೀಟುಗಳ ಕೆಳಗಿನ ಸುರಂಗದಂಥ ದಾರಿಗಳಿಂದ ಓಡಿ ಬರುತ್ತಾರೆ. ಗಾಳಿ ಮೈಗೆ ತಾಗುತ್ತದೆ. ರಂಗದ ಆಚೆ ಎದುರಿಗೆ ಇನ್ನೊಂದು ಬದಿಯ ಪ್ರೇಕ್ಷಕರು ಕಾಣುತ್ತಾರೆ. ಅವರು ನಗುವುದನ್ನು ನೋಡಿ ನಮಗೆ ನಗು. ಒಬ್ಬ ಅಜ್ಜ ಕಣ್ಣು ಒರೆಸಿಕೊಂಡದ್ದು ಇಲ್ಲಿಂದ ಕಂಡಿತು. ಮೊಮ್ಮಗಳು ಕಿವಿಯಲ್ಲಿ ಕೇಳಿದಳು, “ಅಜ್ಜಿ, ಎದುರುಗಡೆ ಇರೋರೂ ನಾಟಕದಲ್ಲಿದ್ದಾರಾ?” ಹೌದು ಅಂದೆ. ನನ್ನ ತಾತನ ಊರಿನ ಬಯಲಾಟದಲ್ಲೂ ಹೀಗೇ ಇತ್ತು. ಅಟ್ಟದ ಸುತ್ತ ಮೂರು ಕಡೆ ಜನ, ಆಚೆ ಬದಿಯಲ್ಲಿ ತೂಕಡಿಸುವ ಮಕ್ಕಳು, ಅವರ ಮೇಲೂ ಅದೇ ಬೆಳಕು. ಇಲ್ಲಿಯವರೆಗೆ ಇಂಥ ರಂಗವನ್ನು ಹೊರದೇಶದ್ದು ಅಂತಲೇ ಅಂದುಕೊಂಡಿದ್ದೆ. ಇವತ್ತು ಕೂತು ನೋಡಿದ ಮೇಲೆ ಹಾಗೆ ಅನ್ನಲು ಮನಸ್ಸು ಬರುತ್ತಿಲ್ಲ. ದೀಪದ ಕುಡಿಗಳು ಗುಡಿಯಲ್ಲಿ ಸುತ್ತ ಕೂತು ಕತೆ ಕೇಳುವ ನಾಟಕಕ್ಕೆ ಇಂಥ ಜಾಗವೇ ಸರಿ. ಮೈಸೂರಿನಲ್ಲಿ ನಾವು ಚೌಕಟ್ಟಿನೊಳಗೆ, ಪ್ರೇಕ್ಷಕರಿಗೆ ಮುಖ ಕೊಟ್ಟು, ಒಂದೇ ಸಾಲಿನಲ್ಲಿ ಕೂತು ಆಡಿದ್ದೆವು. ಇನ್ನೊಮ್ಮೆ ಆಡಿಸುವ ಅವಕಾಶ ಸಿಕ್ಕಿದರೆ ನೆಲದ ಮೇಲೆ, ಜನರ ನಡುವೆ ಆಡಿಸುತ್ತೇನೆ. ಇದನ್ನು ಗೆಳತಿಯರಿಗೆ ನಾಳೆಯೇ ಬರೆಯಬೇಕು.

ಆಟ ಮುಗಿದು ಹೊರಗೆ ಬಂದಾಗ ನೂಕುನುಗ್ಗಲು. ಮಗಳ ಫೋನ್ ಬಂತು, ಕಾರು ಕೆಳಗೆ ನಿಂತಿದೆ, ಜಾಸ್ತಿ ಹೊತ್ತು ನಿಲ್ಲಿಸೋಕ್ಕಾಗಲ್ಲ ಬೇಗ ಬಾಮ್ಮ ಅಂತ. ಬಾಗಿಲ ಪಕ್ಕದಲ್ಲಿ ಆ ಹೆಂಗಸು ಕೋಟು ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಚೀಲ ಇತ್ತು, ಕೆಲಸ ಮುಗಿದಿತ್ತು.

“ಮುದುಕಿಯ ಕತೆ ಏನಾಯಿತು?” ಅಂದರು.

ಇನ್ನೊಂದು ಸುತ್ತು ಹಾಕಿಕೊಂಡು ಬಾರೇ ಅಂತ ಮಗಳಿಗೆ ಹೇಳಿದೆ. ಮೂವರೂ ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂತೆವು.