ಕನ್ನಡಕದ ನಂಬರಿನೊಳಗೆ ಅಡಗಿರುವ ದೂರ

ಕಣ್ಣಿನ ವೈದ್ಯರ ಚೀಟಿಯಲ್ಲಿ ಪ್ಲಸ್ 2.50 ಎಂದಿದ್ದರೆ ಅದು ಗಾಜಿನ ದಪ್ಪವನ್ನು ಹೇಳುವುದಿಲ್ಲ. ಮೀಟರಿನಲ್ಲಿ ಅಳೆದ ಸಂಗಮದೂರದಿಂದ, ಅಂದರೆ ಮಸೂರದಿಂದ ಬೆಳಕು ಕೂಡುವ ಬಿಂದುವಿಗಿರುವ ದೂರದಿಂದ, 1ನ್ನು ಭಾಗಿಸಿದಾಗ ಬರುವ ಸಂಖ್ಯೆ ಅದು. ಫ್ರಾನ್ಸಿನ ನೇತ್ರತಜ್ಞ ಫರ್ಡಿನಾಂಡ್ ಮೊನೊಯೆ 1872ರಲ್ಲಿ ಸೂಚಿಸಿದ ಡಯಾಪ್ಟರ್ ಎಂಬ ಮಾನ ಇದು. ಅದರಂತೆ 2.50 ಸಾಮರ್ಥ್ಯದ ಪೀನ ಮಸೂರವು ಬಹುದೂರದಿಂದ ಬಂದ ಬೆಳಕನ್ನು 40 ಸೆಂಟಿಮೀಟರಿನಲ್ಲಿ ಕೂಡಿಸುತ್ತದೆ.

ಇದನ್ನು ಬಿಸಿಲಿಗೆ ಹಿಡಿದು ನೋಡಬಹುದು, ಆದರೆ ಆಷಾಢದ ತೀರ್ಥಹಳ್ಳಿಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಮೋಡದ ಬೆಳಕೂ ಸಾಕಾಗುತ್ತದೆ. ಅಪ್ಪಯ್ಯನ ಇದೇ ನಂಬರಿನ ಚಾಳೀಸನ್ನು ಕಿಟಕಿಯ ಎದುರಿನ ಸುಣ್ಣದ ಗೋಡೆಯಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಅಡಿಕೆ ತೋಟದಾಚೆಯ ಗುಡ್ಡ ತಲೆಕೆಳಗಾಗಿ ಗೋಡೆಯ ಮೇಲೆ ಮೂಡಿತು, ಆದರೆ ಕಿಟಕಿಯ ಸರಳುಗಳು ಮಾತ್ರ ಮಬ್ಬಾಗಿಯೇ ಇದ್ದವು. ಅವು ಸ್ಪಷ್ಟವಾಗಬೇಕಾದರೆ ಕನ್ನಡಕವನ್ನು ಗೋಡೆಯಿಂದ ಇನ್ನೂ ನಾಲ್ಕು ಸೆಂಟಿಮೀಟರಿನಷ್ಟು ದೂರ ಸರಿಸಬೇಕಾಯಿತು. ಸುಮಾರು 4 ಮೀಟರ್ ದೂರದ ಸರಳಿನಿಂದ ಹರಡಿಕೊಂಡು ಬರುವ ಬೆಳಕನ್ನು ಮೊದಲು ನೇರಗೊಳಿಸುವುದಕ್ಕೇ ಮಸೂರದ ಕಾಲು ಡಯಾಪ್ಟರ್ ಖರ್ಚಾಗಿ 2.25 ಉಳಿಯುತ್ತದೆ; 1ನ್ನು ಅದರಿಂದ ಭಾಗಿಸಿದರೆ 44 ಸೆಂಟಿಮೀಟರ್.

ಡಯಾಪ್ಟರಿನ ಸೊಗಸು ಇರುವುದೇ ಈ ಕೂಡು-ಕಳೆಯಲ್ಲಿ. ಕಣ್ಣು ಪರೀಕ್ಷಿಸುವವರು ಪ್ಲಸ್ 2.00ರ ಮುಂದೆ ಪ್ಲಸ್ 0.50 ಸೇರಿಸಿದರೆ ಒಟ್ಟು 2.50 ಎಂದು ಬಾಯಲ್ಲೇ ಲೆಕ್ಕ ಮುಗಿಯುತ್ತದೆ. ದೂರದಲ್ಲೇ ಹೇಳುವುದಾದರೆ 50 ಮತ್ತು 200 ಸೆಂಟಿಮೀಟರಿನ ಮಸೂರಗಳು ಸೇರಿ 40 ಆಗುತ್ತವೆ ಎನ್ನಬೇಕು, ಅದು ಯಾರಿಗೂ ಥಟ್ಟನೆ ಹೊಳೆಯುವಂಥದ್ದಲ್ಲ. ಮೈನಸ್ ನಂಬರಿನ ನಿಮ್ನ ಮಸೂರ ಒಂಟಿಯಾಗಿ ಗೋಡೆಯ ಮೇಲೆ ಏನನ್ನೂ ಮೂಡಿಸದು. ಅದನ್ನು ಪ್ಲಸ್ 4.00ರ ಮಸೂರಕ್ಕೆ ಒತ್ತಿ ಹಿಡಿದಾಗ ಗುಡ್ಡ 40 ಸೆಂಟಿಮೀಟರಿನಲ್ಲಿ ಮೂಡಿದರೆ ಅದರ ನಂಬರು ಮೈನಸ್ 1.50 ಎಂದು ತಿಳಿಯಬಹುದು.

ಭಾಗಾಕಾರದ ಸಂಬಂಧವಾದ್ದರಿಂದ ಕಾಲು ಕಾಲಾಗಿ ಏರುವ ನಂಬರುಗಳು ದೂರದಲ್ಲಿ ಸಮನಾದ ಹೆಜ್ಜೆಗಳಲ್ಲ. ಸಮೀಪದೃಷ್ಟಿಯ ಕಣ್ಣು ಕನ್ನಡಕವಿಲ್ಲದೆ ಎಲ್ಲಿಯವರೆಗೆ ಸ್ಪಷ್ಟವಾಗಿ ನೋಡಬಲ್ಲದೆಂಬುದನ್ನೂ ಇದೇ ಸೂತ್ರ ಹೇಳುತ್ತದೆ: ಮೈನಸ್ 4.00 ಇದ್ದದ್ದು 4.50 ಆದರೆ ಆ ಎಲ್ಲೆ 25ರಿಂದ 22 ಸೆಂಟಿಮೀಟರಿಗೆ ಇಳಿಯುತ್ತದೆ, ಅಷ್ಟೇ. ಅದೇ ಮೈನಸ್ 0.50 ಇದ್ದದ್ದು 1.00 ಆದರೆ 2 ಮೀಟರಿನಿಂದ 1 ಮೀಟರಿಗೆ ಕುಸಿಯುತ್ತದೆ. ಆದ್ದರಿಂದ ‘ಅರ್ಧ ನಂಬರು ತಾನೇ, ಕನ್ನಡಕ ಯಾಕೆ’ ಎಂದು ಮನೆಯ ಹಿರಿಯರು ಮಗುವನ್ನು ವಾಪಸು ಕರೆತರುವುದು ನನಗೆ ಒಪ್ಪಿಗೆಯಿಲ್ಲ. ತರಗತಿಯ ಹಿಂದಿನ ಬೆಂಚಿನಿಂದ ಕರಿಹಲಗೆ 2 ಮೀಟರಿಗಿಂತ ಬಹಳ ದೂರದಲ್ಲಿರುತ್ತದೆ.